ಕನಕಾಂಬರ ಬಣ್ಣದ ಹವಳ

ಆಗಸ್ಟ್ ಒಂಬತ್ತು, ಶನಿವಾರ. ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಠಾಣೆಗೆ ಬಂದ ಯೋಗಾನಂದ, "ಹವಳ ಕಳುವಾಗಿದೆ" ಅಂದ. ಠಾಣಾ ಬರಹಗಾರ ತಲೆಯೆತ್ತದೆ, "ಎಷ್ಟು ಗ್ರಾಂ?" ಎಂದು ಕೇಳಿದ.

ಬರಹಗಾರನನ್ನು ದೂರುವಂತಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಬರುವ ದೂರುಗಳೆಲ್ಲ ಒಂದೇ ತೆರ. ದೇವಿಯ ಕೊರಳಿಗೆ ಹಾಕಿದ್ದ ಸರ ಇಲ್ಲ, ಕಳಶದ ಮುಂದಿಟ್ಟಿದ್ದ ಬಳೆ ಇಲ್ಲ. ಅವನು 'ಚಿನ್ನಾಭರಣ ಕಳವು' ಎಂದು ಬರೆದೂ ಆಗಿತ್ತು.

"ಗ್ರಾಂ ಅಲ್ಲ ರೀ. ಜೀವ ಇರೋ ಹವಳ. ನೀರೊಳಗಿರೋದು."

ಹೆಡ್ ಕಾನ್‌ಸ್ಟೆಬಲ್ ಬಾಳೇಶ ಅಥಣಿ ಕಡೆಯವನು. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾದರೂ ಅವನ ಮಾತು ಊರು ಬಿಟ್ಟು ಕದಲಿರಲಿಲ್ಲ. "ಹವಳ ಅಂದ್ರ ಉಂಗುರದಾಗಿಂದಲ್ರೀ? ಅದಕ್ಕ ಜೀವಾ ಎಲ್ಲಿಂದ ಬರಬೇಕು?" ಎಂದು ನಕ್ಕ.

ಯೋಗಾನಂದನ ಮುಖ ಕೆಂಪೇರಿತು. ಹೊಸಹಳ್ಳಿಯ ಹಳೆಯ ಮನೆತನದವನು. ಅವನ ತಾತ ರಾಗಿ ಬೆಳೆದ ಹೊಲದಲ್ಲಿ ಈಗ ಸಾಲು ಅಂಗಡಿಗಳಿದ್ದವು. ಠಾಣೆಯಲ್ಲಿ ನಗೆಪಾಟಲಾಗಿ ಅವನಿಗೆ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಪಿ.ಎಸ್.ಐ. ವಿಜಯಶ್ರೀ ಒಳಗೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬಾಳೇಶನ ಕಡೆ ಒಂದು ನೋಟ ಎಸೆದಳು. ಅವನು ಬಾಯಿ ಮುಚ್ಚಿದ.

"ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದಳು.

ಯೋಗಾನಂದ ಹೇಳಿದ್ದು ಇಷ್ಟು. ಚಂದ್ರಾ ಲೇಔಟಿನ ಅವನ ಮನೆಯ ನಡುಮನೆಯಲ್ಲಿ ಸಮುದ್ರದ ನೀರಿನ ದೊಡ್ಡ ಗಾಜಿನ ತೊಟ್ಟಿಯಿದೆ. ಅದರಲ್ಲಿ ಮೀನು ನಾಲ್ಕೈದು, ಹವಳ ಹಲವು ಬಗೆ. ನಿನ್ನೆ ಹಬ್ಬ, ಮನೆ ತುಂಬ ಜನ. ಇವತ್ತು ಬೆಳಿಗ್ಗೆ ನೋಡಿದರೆ ಒಂದು ಹವಳ ಅದು ಬೆಳೆದಿದ್ದ ಕಲ್ಲಿನ ಸಮೇತ ಮಾಯ. ಅಂಗೈಯಷ್ಟಗಲ. ಕಲ್ಲಿನ ಮೇಲೆ ಅಂಗಿಯ ಗುಂಡಿ ಹೊಲಿದ ಹಾಗೆ ಒತ್ತೊತ್ತಾಗಿ ಬೆಳೆಯುವ ಜಾತಿ.

"ಇದನ್ನ ಸಾಕೋಕೆ ಅನುಮತಿ ಇದೆಯಾ?"

"ಕಲ್ಲು ಹವಳ ಇಟ್ಕೊಳ್ಳೋ ಹಾಗಿಲ್ಲ ಅಂತ ಗೊತ್ತು ಮೇಡಂ. ಇದು ಮೆತ್ತಗಿರೋ ಜಾತಿ, ಹೊರದೇಶದ್ದು. ಬಿಲ್ಲಿದೆ."

"ಬಣ್ಣ?"

ಯೋಗಾನಂದ ಸ್ವಲ್ಪ ತಡವರಿಸಿದ. "ಆರೆಂಜ್. ಅಂದ್ರೆ, ತಗೊಂಡಾಗ ಆರೆಂಜ್ ಇತ್ತು. ಈಚೆಗೆ ಬಿಳಿಚ್ಕೊಂಡಿತ್ತು."

ಭಾರತೀಯ ನ್ಯಾಯ ಸಂಹಿತೆಯ ಕಲಂ 305, ವಾಸದ ಮನೆಯಲ್ಲಿ ಕಳವು ಎಂದು ಎಫ್.ಐ.ಆರ್. ದಾಖಲಾಯಿತು. ಕಳುವಾದ ಸ್ವತ್ತಿನ ಕಾಲಮಿನಲ್ಲಿ ಬರಹಗಾರ 'ಆರೆಂಜ್ ಬಣ್ಣದ ಜೀವಂತ ಹವಳ, ಕಲ್ಲು ಸಮೇತ, ಒಂದು' ಎಂದು ಬರೆದು, ಹನ್ನೆರಡು ವರ್ಷದ ನೌಕರಿಯಲ್ಲಿ ಇಂಥದ್ದು ಬರೆದಿರಲಿಲ್ಲವೆಂದು ಗೊಣಗಿಕೊಂಡ.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಮುಂದಿನ ಹಾಲ್‌ನಲ್ಲಿ ದೇವಿ ಇನ್ನೂ ಸೀರೆಯುಟ್ಟು ಕೂತಿದ್ದಳು, ಕಳಶ ಕದಲಿಸಿರಲಿಲ್ಲ. ಅದನ್ನು ದಾಟಿ ಒಳಗೆ ಹೋದರೆ ನಡುಮನೆ. ಗೋಡೆಯುದ್ದಕ್ಕೂ ತೊಟ್ಟಿ, ಅದರ ಎದುರಿಗೆ ಒಂದು ದಿವಾನ, ದಿವಾನದ ಮೇಲೆ ಯೋಗಾನಂದನ ತಾಯಿ ವೆಂಕಟಲಕ್ಷ್ಮಮ್ಮ. ಪಕ್ಕದಲ್ಲೊಂದು ಬಾಗಿಲು, ಅದು ಓಣಿಗೆ ತೆರೆಯುತ್ತಿತ್ತು.

ಬಾಳೇಶ ಗಾಜಿನ ಮುಂದೆ ನಿಂತವನು ನಿಂತೇ ಬಿಟ್ಟ. ನೀಲಿ ಬೆಳಕಿನಲ್ಲಿ ಏನೇನೋ ತೂಗುತ್ತಿತ್ತು, ಬಾಯಿ ತೆರೆಯುತ್ತಿತ್ತು. "ಸಮುದ್ರ ನೋಡಾಕ ಕಾರವಾರಕ್ಕ ಹೋಗಬೇಕಂತ ಮಾಡಿದ್ದೆ. ಇಲ್ಲೇ ಐತಲ್ರೀ," ಎಂದ. ಆಮೇಲೆ ಇನ್ನಷ್ಟು ಹತ್ತಿರ ಹೋಗಿ, "ಆದ್ರ ಮೇಡಮ್ಮಾರ, ಎಲ್ಲಾ ಯಾಕೋ ಜ್ವರ ಬಂದು ಎದ್ದಂಗ ಅದಾವ," ಎಂದು ಸೇರಿಸಿದ. ನಿಜ. ಫೋಟೋದಲ್ಲಿ ಯೋಗಾನಂದ ತೋರಿಸಿದ ಬಣ್ಣಕ್ಕೂ ತೊಟ್ಟಿಯಲ್ಲಿದ್ದ ಬಣ್ಣಕ್ಕೂ ಅಜಗಜಾಂತರವಿತ್ತು.

ವಿಜಯಶ್ರೀಗೆ ಹವಳದ ವಿಷಯ ಗೊತ್ತಿರಲಿಲ್ಲ. ಆದರೆ ಮನೆ ಎಂದರೇನು, ಹಬ್ಬ ಎಂದರೇನು ಎಂಬುದು ಗೊತ್ತಿತ್ತು. ಅವಳು ಕುರ್ಚಿ ಹತ್ತಿ ತೊಟ್ಟಿಯ ಮೇಲಂಚನ್ನು ನೋಡಿದಳು. ಒಳಗಡೆ ಗಾಜಿಗೆ ಹಳದಿಯ ನಾಲ್ಕು ಗೀರು, ಬೆರಳಿನವು. ತೊಟ್ಟಿಯಿಂದ ಪಕ್ಕದ ಬಾಗಿಲಿನ ತನಕ ಕರಿಯ ಗ್ರಾನೈಟಿನ ಮೇಲೆ ಬಿಳಿಯ ಚುಕ್ಕೆಗಳಿದ್ದವು. ಬಾಳೇಶ ಒಂದನ್ನು ಬೆರಳಿನಿಂದ ಒತ್ತಿ ನಾಲಗೆಗೆ ಇಟ್ಟುಕೊಂಡು, "ಉಪ್ಪು," ಅಂದ. ಪಂಚರು ಅದನ್ನು ಒಪ್ಪಿಕೊಂಡರು. ನೆಕ್ಕಿ ನೋಡುವ ಧೈರ್ಯ ಮಾಡಲಿಲ್ಲ.

"ಲೈಟು ಯಾವಾಗ್ಲೂ ಹೀಗೇ ನೀಲಿನಾ?"

"ಅದೇ ವಿಚಿತ್ರ ಮೇಡಂ," ಎಂದ ಯೋಗಾನಂದ. "ನಾನು ಬೆಳ್ಳಗೆ ಜೋರಾಗಿ ಇಟ್ಟಿರ್ತೀನಿ. ಬಂದೋರಿಗೆ ಕಾಣ್ಬೇಕಲ್ವಾ. ನೀಲಿ ಇಟ್ರೆ ಬಾರ್ ಥರ ಇದೆ ಅಂತಾಳೆ ನಮ್ಮವಳು. ನಿನ್ನೆ ಸಂಜೆ ನೋಡಿದಾಗಿಂದ ಹೀಗಿದೆ. ನಾವ್ಯಾರೂ ಮುಟ್ಟಿಲ್ಲ."

ಕದಿಯುವವರು ಬೀರು ಒಡೆಯುತ್ತಾರೆ, ನಾಯಿಗೆ ಬಿಸ್ಕತ್ತು ಹಾಕುತ್ತಾರೆ. ಕದ್ದ ಮೇಲೆ ಮನೆಯ ದೀಪ ಸರಿ ಮಾಡಿ ಹೋದವರನ್ನು ವಿಜಯಶ್ರೀ ಕಂಡಿರಲಿಲ್ಲ.

ತೊಟ್ಟಿ ನೋಡಿಕೊಳ್ಳುವ ದರ್ಶನ್‌ನನ್ನು ಕರೆಸಿದರು. ದೀಪಾಂಜಲಿ ನಗರದ ಅಕ್ವೇರಿಯಂ ಅಂಗಡಿಯವನು, ಗಡ್ಡ ಬಿಟ್ಟ ಚುರುಕು ಹುಡುಗ. ಪೊಲೀಸರನ್ನು ಕಂಡ ಕೂಡಲೇ ಬೆವೆತ.

"ಕೊನೇ ಸಲ ಯಾವಾಗ ಬಂದಿದ್ದೆ?"

"ಗುರುವಾರ ಮೇಡಂ. ನಿನ್ನೆ ಅಂಗಡೀಲೇ ಇದ್ದೆ. ಕ್ಯಾಮೆರಾ ಇದೆ, ನೋಡಿ ಬೇಕಾದ್ರೆ."

"ನೋಡ್ತೀವಿ. ಇದನ್ನ ಕದ್ದೋರ ಬಗ್ಗೆ ಏನು ಅನ್ಸುತ್ತೆ?"

ದರ್ಶನ್ ತೊಟ್ಟಿಯೊಳಗೆ ಇಣುಕಿದ. "ಗೊತ್ತಿರೋರೇ ಮೇಡಂ. ಬೇರೆ ಕಲ್ಲು ಅಲುಗಾಡಿಸ್ದೆ ತೆಗೆದಿದಾರೆ. ನೀರಿನ ಮಟ್ಟ ಇಳಿದಿದೆ, ಅಂದ್ರೆ ಇದೇ ನೀರಲ್ಲಿ ಹಾಕ್ಕೊಂಡು ಹೋಗಿದಾರೆ. ಪಕ್ಕದಲ್ಲಿ ಇದರ ಮೂರರಷ್ಟು ಬೆಲೆದು ಇದೆ, ಅದನ್ನ ಮುಟ್ಟಿಲ್ಲ." ಆಮೇಲೆ ಕೆಳಗಿನ ಕಪಾಟು ತೆರೆದು, ನೀರಿನ ಕೊಳೆಯನ್ನು ನೊರೆ ಮಾಡಿ ಎತ್ತುವ ಯಂತ್ರದ ಬಟ್ಟಲು ಹೊರಗೆಳೆದ. ಅದು ತುಂಬಿ ಚೆಲ್ಲಿತ್ತು. ನೊರೆ ಹಳದಿಯಾಗಿತ್ತು. "ಯಾರೋ ಅರಿಶಿನದ ಕೈ ಹಾಕಿದಾರೆ."

"ಬಣ್ಣ ಯಾಕೆ ಹೋಗಿತ್ತು?"

"ಅದೇ ಗೊತ್ತಾಗ್ತಿಲ್ಲ ಮೇಡಂ," ಎಂದ ದರ್ಶನ್, ನಿಜವಾಗಿಯೂ ನೊಂದುಕೊಂಡು. "ನೀರು ಪಕ್ಕಾ ಕ್ಲೀನ್. ಟೆಸ್ಟ್ ಮಾಡಿದ್ರೆ ಎಲ್ಲಾ ಸೊನ್ನೆ."

ಅರಿಶಿನದ ಕೈ ಎಂದಮೇಲೆ ಮುಂದಿನ ಪ್ರಶ್ನೆ ಮನೆಯೊಡತಿ ಬಿಂದುಶ್ರೀಗೆ. ನಿನ್ನೆ ಅರಿಶಿನ ಕುಂಕುಮಕ್ಕೆ ಬಂದವರ ಹೆಸರು ಕೇಳಿದಾಗ ಅವಳು ತಡೆಯಿಲ್ಲದೆ ಹೇಳಿದಳು. ಯಾರಿಗೆ ಯಾವ ಬಣ್ಣದ ರವಿಕೆ ಕಣ ಕೊಟ್ಟೆ ಎಂಬುದೂ ಅವಳಿಗೆ ಬಾಯಿಪಾಠ. ಆದರೆ ಅನುಮಾನ ಯಾರ ಮೇಲೆ ಎಂದದ್ದೇ ತಡ, ಕೈ ಮುಗಿದುಬಿಟ್ಟಳು.

"ಮುತ್ತೈದೇರು ಮೇಡಂ. ಕರೆದು ಮಣೆ ಹಾಕಿ, ಇವತ್ತು ಕಳ್ಳೀರು ಅಂದ್ರೆ ಲಕ್ಷ್ಮಿ ಈ ಮನೇಲಿ ನಿಲ್ತಾಳಾ? ಬೇಕಾದ್ರೆ ಕೇಸೇ ಬೇಡ."

"ಅವರಲ್ಲಿ ನಡುಮನೆಗೆ ಬಂದೋರು?"

"ಯಾರೂ ಬರ್ಲಿಲ್ಲ. ದೇವಿ ಮುಂದೆ ಕೂತು, ಹಾಡು ಹೇಳಿ, ಮೇಲೆ ಊಟಕ್ಕೆ ಹೋದ್ರು. ನಡುಮನೇಲಿ ನಮ್ಮತ್ತೆ ಒಬ್ರೇ ಇದ್ರು. ಅವರು, ನಿಮಗೇ ಗೊತ್ತಲ್ಲ, ಈ ದಿನ ಮುಂದೆ ಬರಲ್ಲ."

ಗಂಡ ಹನುಮಂತಯ್ಯ ಹೋದಂದಿನಿಂದ ವೆಂಕಟಲಕ್ಷ್ಮಮ್ಮನಿಗೆ ಹಬ್ಬವೆಂದರೆ ನಡುಮನೆಯ ಈ ದಿವಾನ. ವಿಜಯಶ್ರೀ ಅವರ ಪಕ್ಕ ಹೋಗಿ ಕೂತಳು.

"ಅಜ್ಜಿ, ನಿನ್ನೆ ಇಲ್ಲೇ ಇದ್ರಾ?"

"ಇನ್ನೆಲ್ಲಿಗೆ ಹೋಗ್ಲವ್ವ."

"ತೊಟ್ಟಿ ಹತ್ರ ಯಾರು ಬಂದಿದ್ರು?"

"ಕಣ್ಣಿಗೆ ಪೊರೆ ಬಂದೈತೆ ಕಣವ್ವ. ಯಾರು ಬಂದ್ರೋ ಯಾರು ಹೋದ್ರೋ."

"ಏನು ಕಳುವಾಗಿದೆ ಅಂತಾದ್ರೂ ಗೊತ್ತಾ?"

"ಅಯ್ಯೋ, ಗೊತ್ತಿಲ್ದೆ ಏನು? ಕನಕಾಂಬ್ರ."

ಬೆಳಗಿನಿಂದ ಈ ಮನೆಯಲ್ಲಿ ಆ ವಸ್ತುವಿಗೆ ಎಲ್ಲರೂ ಒಂದೊಂದು ಹೆಸರು ಹೇಳಿದ್ದರು. ಯೋಗಾನಂದ 'ಆರೆಂಜ್ ಪೀಸು' ಅಂದಿದ್ದ, ದರ್ಶನ್ 'ಝೋವಾ' ಅಂದಿದ್ದ, ಬಿಂದುಶ್ರೀ 'ಆ ಗುಂಡಿಗುಂಡಿದು' ಅಂದಿದ್ದಳು. ಬಣ್ಣ ಸತ್ತು ಬಿಳಿಚಿಕೊಂಡ ಹವಳಕ್ಕೆ, ಪೊರೆ ಬಂದ ಕಣ್ಣಿನ ಮುದುಕಿ ಕನಕಾಂಬರ ಎಂಬ ಹೆಸರು ಎಲ್ಲಿಂದ ತಂದರು?

"ಚೆನ್ನಾಗಿದೆ ಹೆಸರು. ಯಾರು ಹೇಳಿಕೊಟ್ರು ಅಜ್ಜಿ?"

ಅಜ್ಜಿ ಸೆರಗು ಎಳೆದುಕೊಂಡು, "ಬಾಯಿಗ್ ಬಂತು, ಅಂದೆ," ಎಂದರು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕಲ್ಲಿನಿಂದ ನಾರು ತೆಗೆಯಬಹುದು, ಬಾಯಿ ಕಟ್ಟಿಕೊಂಡ ಮುದುಕಿಯಿಂದ ಮಾತು ತೆಗೆಯಲಾಗದು.

ವಿಜಯಶ್ರೀ ಎದ್ದು ಯೋಗಾನಂದನ ಬಳಿ ಹೋದಳು. "ತೊಟ್ಟಿ ಯಾರಿಂದ ತಗೊಂಡ್ರಿ?"

"ಬಸವೇಶ್ವರನಗರದಲ್ಲಿ ಚಕ್ರಪಾಣಿ ಅಂತ. ಈ ಹವಳದ ಹುಚ್ಚಲ್ಲಿ ಅವರು ಫೇಮಸ್ಸು. ಹೋದ ಡಿಸೆಂಬರಲ್ಲಿ ತೀರ್ಕೊಂಡ್ರು. ಸಂಕ್ರಾಂತಿ ಆದ್ಮೇಲೆ ಅವರ ಮಿಸೆಸ್ ಎಲ್ಲಾ ಮಾರಿದ್ರು. ಪಂಕಜಾ ಅಂತ. ಈಗ ಮಗಳ ಜೊತೆ ಕೆಂಗೇರೀಲಿದಾರೆ."

"ಆಮೇಲೆ ಇಲ್ಲಿಗೆ ಬಂದಿದ್ರಾ?"

"ಒಂದ್ಸಲ ನೋಡ್ಬೇಕು ಅಂತ ಬಂದಿದ್ರು, ಜೂನಲ್ಲಿ. ಅಮ್ಮನ ಜೊತೆ ಕೂತು ಮಾತಾಡಿ ಹೋದ್ರು. ಆಮೇಲೆ ಫೋನ್ ಮಾಡ್ತಿದ್ರು. ಲೈಟ್ ಕಮ್ಮಿ ಮಾಡಿ, ಅದು ಮಾಡಿ ಇದು ಮಾಡಿ ಅಂತ. ಆ ಪೀಸು ವಾಪಸ್ ಕೊಡಿ, ದುಡ್ಡು ಕೊಡ್ತೀನಿ ಅಂದ್ರು. ನಾನು ಸೆಟ್ ಒಡೆಯಲ್ಲ ಅಂದೆ."

"ಇದನ್ನ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ? ನಿನ್ನೆ ಅವರು ಬಂದಿದ್ರಾ?"

ಉತ್ತರ ಬಂದದ್ದು ಬಿಂದುಶ್ರೀಯಿಂದ. ಅವಳಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ಹೆಂಗೆ ಬರ್ತಾರೆ ಮೇಡಂ? ನಿನ್ನೆ ಹಬ್ಬ ಅಲ್ವಾ?"

ಈ ಮಾತಿನಲ್ಲಿ ಕೆಟ್ಟತನ ಕಿಂಚಿತ್ತೂ ಇರಲಿಲ್ಲ. ಅದೇ ವಿಜಯಶ್ರೀಗೆ ಹೆಚ್ಚು ನಾಟಿತು. ನಿನ್ನೆ ಮಾರುಕಟ್ಟೆಯ ಬಂದೋಬಸ್ತು ಮುಗಿಸಿ ಅವಳು ಮನೆಗೆ ಹೋದಾಗ ಅವಳ ತಾಯಿ ಜಗದಾಂಬಾ ಹಿಂದಿನ ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿದ್ದರು. ಯಾಕಮ್ಮಾ ಎಂದರೆ, "ಅಕ್ಕಪಕ್ಕದೋರು ಕುಂಕುಮಕ್ಕೆ ಬರ್ತಾರೆ ಕಣೇ, ಎದುರಾದ್ರೆ ಅವರಿಗೂ ಮುಜುಗರ," ಅಂದಿದ್ದರು. ಅಪ್ಪ ಹೋದ ಮೇಲೆ ನಾಲ್ಕನೇ ವರಮಹಾಲಕ್ಷ್ಮಿ ಅದು. ಯಾರೂ ಹಾಕು ಎಂದಿರಲಿಲ್ಲ, ಅಮ್ಮ ತಾನೇ ಅಗುಳಿ ಹಾಕಿಕೊಂಡಿದ್ದರು. ವಿಜಯಶ್ರೀಗೆ ಆಗ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಸಂಕಟವಾಗಿತ್ತು. ಊಟ ಮಾಡಿ ಮತ್ತೆ ಡ್ಯೂಟಿಗೆ ಹೋಗಿದ್ದಳು.

ಕರೆಯದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂದರೂ ಹಿಡಿಯುವುದಿಲ್ಲ. ಇಡೀ ಮನೆ ಮುತ್ತೈದೆಯರನ್ನು ಎಣಿಸಿ ಲೆಕ್ಕ ಮುಗಿಸಿತ್ತು.

ಓಣಿಗೆ ಎದುರಾದ ಮನೆಯ ಕ್ಯಾಮೆರಾ ನೋಡಿದಾಗ ಅದು ಖಚಿತವಾಯಿತು. ಶುಕ್ರವಾರ ಮಧ್ಯಾಹ್ನ ಎರಡರ ಸುಮಾರಿಗೆ, ಮೇಲೆ ಪಂಕ್ತಿ ನಡೆಯುತ್ತಿದ್ದ ಹೊತ್ತಿಗೆ, ಬೂದು ಸೀರೆಯ ಹೆಂಗಸೊಬ್ಬರು ಪಕ್ಕದ ಬಾಗಿಲಿನಿಂದ ಹೊರಬಿದ್ದರು. ಎರಡೂ ಕೈಯಲ್ಲಿ ಸ್ಟೀಲ್ ಡಬ್ಬಿ. ನಡಿಗೆ ಬಹಳ ನಿಧಾನ, ತುಂಬಿದ ಕೊಡ ಹೊತ್ತವರ ನಡಿಗೆ. ಹೋದ ದಿಕ್ಕು ಅತ್ತಿಗುಪ್ಪೆ ಮೆಟ್ರೋ.

ಅಲ್ಲಿ ತಪಾಸಣೆಗೆ ನಿಲ್ಲುವ ಅಂಜಮ್ಮನಿಗೆ ಫೋಟೋ ತೋರಿಸಬೇಕಾಗಲೂ ಇಲ್ಲ. ಡಬ್ಬಿ ಎಂದ ಕೂಡಲೇ ನೆನಪಾಯಿತು.

"ಮೆಷಿನ್ನಲ್ಲಿ ಹಾಕಿ ಅಂದೆ ಮೇಡಂ. ಮಲಗಿಸ್ಬೇಡಿ, ದಮ್ಮಯ್ಯ ಅಂದ್ರು. ಏನಮ್ಮ ಇದೆ ಒಳಗೆ ಅಂದ್ರೆ, ಕನಕಾಂಬರ ಅಂದ್ರು. ಹಬ್ಬದ ದಿನ, ಹೂವು ಬಾಡ್ಬಾರ್ದು ಅಂತ ನೀರಲ್ಲಿ ಇಟ್ಟಿರ್ತಾರೆ ಅಂದ್ಕೊಂಡೆ. ನಿಲ್ಲಿಸೇ ಕಳಿಸ್ದೆ. ಯಾಕೆ ಮೇಡಂ, ಬಾಂಬಾ?"

"ಅಲ್ಲಮ್ಮ," ಎಂದಳು ವಿಜಯಶ್ರೀ. "ಹೂವೇ."

ಸಂಜೆ ನಾಲ್ಕೂವರೆಗೆ ಜೀಪು ಕೆಂಗೇರಿ ಉಪನಗರದ ಒಂದು ಮನೆಯ ಮುಂದೆ ನಿಂತಿತು. ಮಹಿಳಾ ಕಾನ್‌ಸ್ಟೆಬಲ್ ಕುಸುಮಾ ಬಾಗಿಲು ತಟ್ಟಿದಳು. ತೆಗೆದವರು ಐವತ್ತು ದಾಟಿದ ಹೆಂಗಸು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ. ಸಮವಸ್ತ್ರ ಕಂಡು ಅವರು ಬೆಚ್ಚಲಿಲ್ಲ.

"ಪಂಕಜಾ ಅವರು?"

"ಹೌದು. ಒಳಗೆ ಬನ್ನಿ. ಬಾಗಿಲು ಮೆಲ್ಲಗೆ ಹಾಕಿ, ಅದು ಸದ್ದಿಗೆ ಮುದುರ್ಕೊಳ್ಳುತ್ತೆ."

ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿ ಇರಬೇಕಾದ ಜಾಗದಲ್ಲಿ, ಪುಟ್ಟ ಗಾಜಿನ ತೊಟ್ಟಿ. ಮೇಲೊಂದು ನೀಲಿ ದೀಪ. ನೀರು ತಿಳಿಯಾಗಿ, ಕಲ್ಲಿಗೆ ಆಗಲೇ ಪಾಚಿ ಹಿಡಿದಿತ್ತು. ಇದು ಒಂದು ದಿನದಲ್ಲಿ ಆದ ತಯಾರಿಯಲ್ಲ ಎಂದು ಯಾರಿಗಾದರೂ ಹೊಳೆಯುವಂತಿತ್ತು. ನಡುವೆ ಅಂಗೈಯಗಲದ ಆ ಕಲ್ಲು. ಅದರ ಮೇಲಿನ ಗುಂಡಿಗಳೆಲ್ಲ ಮೊಗ್ಗಿನ ಹಾಗೆ ಮುಚ್ಚಿಕೊಂಡಿದ್ದವು.

"ಇನ್ನೂ ಅರಳಿಲ್ಲ," ಎಂದರು ಪಂಕಜಾ. "ಜಾಗ ಬದಲಾದ್ರೆ ಹಾಗೇ ಮುನಿಸ್ಕೊಳ್ಳುತ್ತೆ."

"ಇದನ್ನ ಎಲ್ಲಿಂದ ತಂದ್ರಿ?"

"ಯೋಗಾನಂದ ಅವರ ಮನೆಯಿಂದ."

"ಅವರಿಗೆ ಹೇಳಿದ್ರಾ?"

"ಇಲ್ಲ."

"ಹೇಗೆ ಒಳಗೆ ಹೋದ್ರಿ?"

"ಪಕ್ಕದ ಬಾಗಿಲಿಂದ. ಹಬ್ಬದ ದಿನ ನಾನು ಮುಂಬಾಗಿಲಿಗೆ ಹೋಗೋದು ಸರಿಯಲ್ಲ ಅಲ್ವಾ? ಮೇಲೆ ಎಲ್ಲರೂ ಊಟಕ್ಕೆ ಕೂತಿದ್ರು."

"ಯಾಕೆ ತಗೊಂಡ್ರಿ?"

ಪಂಕಜಾ ಗಾಜಿನ ಕಡೆ ತಿರುಗಿದರು. "ನಾನು ಯಾವಾಗ್ಲೂ ಕನಕಾಂಬರ ಮುಡೀತಿದ್ದೆ. ಮಲ್ಲಿಗೆ ತಂದ್ರೆ ಬೇಡ ಅಂತಿದ್ದೆ. ಇದು ಬಂದಾಗ ಅವರು ದೀಪ ಹಾಕಿ, ಬಾ ಇಲ್ಲಿ, ನಿನ್ನ ಹೂವು ಬಂದಿದೆ ನೋಡು ಅಂದ್ರು. ಅಂಗಡಿಯೋರು ಏನೋ ಇಂಗ್ಲಿಷ್ ಹೆಸರು ಹೇಳಿದ್ರು, ಅವರು ಕನಕಾಂಬರ ಅಂತಲೇ ಕರೆದ್ರು. ಇಪ್ಪತ್ತಾರು ವರ್ಷ ಬಣ್ಣ ಕಲಿಸಿದೀನಿ ಮೇಡಂ. ಆ ಬಣ್ಣ ನನ್ನ ಪ್ಯಾಲೆಟ್ಟಲ್ಲಿ ಒಂದು ಸಲವೂ ಬಂದಿಲ್ಲ."

"ಮತ್ತೆ ಮಾರಿದ್ದು ಯಾಕೆ?"

"ಮಗಳು, ಸಿಂಚನಾ, ಹೇಳಿದ್ಲು. ಅಮ್ಮಾ, ಅದರ ಮುಂದೆ ಕೂತ್ರೆ ನೀನು ಮೇಲೇಳೋದೇ ಇಲ್ಲ ಅಂತ. ಅವಳು ಹೇಳಿದ್ದು ತಪ್ಪಲ್ಲ. ಆಗ ನನಗೆ ಹೌದು, ಅಲ್ಲ ಅನ್ನೋ ಬುದ್ಧಿಯೇ ಇರ್ಲಿಲ್ಲ. ಅವರು ಹೋದ್ಮೇಲೆ ಹೂವು ಮುಡಿಯೋದು ನಿಂತ್ಹೋಯ್ತು, ಅದಾಯ್ತು. ಇದೊಂದು ಇರುತ್ತೆ ಎಲ್ಲೋ ಒಂದು ಕಡೆ ಅಂತ ಅಂದ್ಕೊಂಡಿದ್ದೆ. ಜೂನಲ್ಲಿ ಹೋಗಿ ನೋಡಿದ್ರೆ ಬಿಳಿಚಿಕೊಂಡು ನಿಂತಿತ್ತು."

"ದರ್ಶನ್ ನೀರು ಕ್ಲೀನ್ ಇಟ್ಟಿದೀನಿ ಅಂದ. ಎಲ್ಲಾ ಸೊನ್ನೆಯಂತೆ."

"ಸೊನ್ನೆನೇ ತಪ್ಪು ಮೇಡಂ. ಇದಕ್ಕೆ ಸ್ವಲ್ಪ ಕೊಳೆ ಬೇಕು. ಮೀನು ತಿಂದು ಬಿಟ್ಟಿದ್ದು, ಉದುರಿದ್ದು, ಅದರಲ್ಲೇ ಇದರ ಊಟ. ತೀರಾ ತೊಳೆದು ತೊಳೆದು ಇಟ್ರೆ ಉಪವಾಸ ಬಿದ್ದು ಬಣ್ಣ ಬಿಡುತ್ತೆ. ಮೇಲಿಂದ ಆ ಬಿಳೀ ಬೆಳಕು, ನೆತ್ತಿ ಸುಡೋ ಹಾಗೆ. ಹೇಳಿದೆ. ಮೂರು ಸಲ ಫೋನ್ ಮಾಡಿ ಹೇಳಿದೆ. ಮೇಡಂ, ಅವರೂ ಹಾಗೇ ಹೋಗಿದ್ದು. ಆಸ್ಪತ್ರೇಲಿ ಚೊಕ್ಕ ಹಾಸಿಗೆ ಮೇಲೆ, ಟ್ಯೂಬ್‌ಲೈಟ್ ಕೆಳಗೆ, ದಿನಾ ಒಂದಿಷ್ಟು ಬಣ್ಣ ಕಮ್ಮಿ. ನಾನು ಗಾಜಿನ ಆಚೆ ನಿಂತು ನೋಡ್ತಿದ್ದೆ. ಇನ್ನೊಂದು ಸಲ ಗಾಜಿನ ಆಚೆ ನಿಂತು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ."

ಕುಸುಮಾ ಕಿಟಕಿಯ ಕಡೆ ತಿರುಗಿಕೊಂಡಳು. ಬಾಳೇಶ ಜಪ್ತಿ ಪಂಚನಾಮೆಯ ಕಾಗದ ಹುಡುಕುವವನಂತೆ ಚೀಲದಲ್ಲಿ ಕೈಯಾಡಿಸುತ್ತಲೇ ಇದ್ದ.

"ಲೈಟು ಬದಲಾಯಿಸಿದ್ದು?"

"ನಾನೇ. ಉಳಿದಿದ್ದಾದ್ರೂ ಬದುಕ್ಲಿ ಅಂತ."

ವಿಜಯಶ್ರೀ ಹೊರಗೆ ಬಂದು ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯನವರಿಗೆ ಫೋನ್ ಮಾಡಿದಳು. ನೋಟಿಸ್ ಕೊಟ್ಟು ಬಿಡಬಹುದಲ್ಲವೇ ಸಾರ್ ಎಂದು ಕೇಳಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ವಾಸದ ಮನೆ ಕಳವು. ಮಾಲು ಸಿಕ್ಕಿದೆ, ತಯಾರಿ ಮಾಡ್ಕೊಂಡು ಕದ್ದಿದಾರೆ. ಇವತ್ತು ಹವಳಕ್ಕೆ ಬಿಟ್ರೆ ನಾಳೆ ಚಿನ್ನಕ್ಕೆ ಏನು ಹೇಳ್ತೀಯಮ್ಮ? ಕಾನೂನು ಪ್ರಕಾರ ಹೋಗು," ಎಂದರು. ಅವರು ಕಟುಕರಲ್ಲ. ಅವಳು ಸರಿ ಸಾರ್ ಎಂದು ಫೋನ್ ಇಟ್ಟು ಒಳಗೆ ಹೋದಳು.

ಸಂಜೆ ಐದೂ ಮುಕ್ಕಾಲಿಗೆ ದಸ್ತಗಿರಿ ಮಾಡಲಾಯಿತು. ಸಿಂಚನಾಗೆ ಫೋನಿನಲ್ಲಿ ತಿಳಿಸಲಾಯಿತು. ದಸ್ತಗಿರಿ ಪತ್ರದಲ್ಲಿ ಗುರುತುಗಳ ಕಾಲಮು ಬಂದಾಗ ವಿಜಯಶ್ರೀ, "ಕೈ ತೋರಿಸಿ," ಎಂದಳು.

ಪಂಕಜಾ ಬಲಗೈ ಚಾಚಿದರು. ಬೆರಳ ತುದಿಗಳೂ ಉಗುರ ಸಂದಿಗಳೂ ಹಳದಿಯಾಗಿದ್ದವು.

"ಅರಿಶಿನ ಯಾರು ಕೊಟ್ರು?"

"ಅಜ್ಜಿ. ನಾನು ಹೋದ ತಕ್ಷಣ, ಬಾ ತಾಯಿ ಅಂತ ಕೈಗೆ ಬಟ್ಟಲೇ ಕೊಟ್ರು. ಅವರಿಗೆ ನಾನು ಇದರ ಹೆಸರು ಹೇಳಿದ್ದೆ, ಜೂನಲ್ಲಿ. ತೆಗೆಯೋವಾಗ ಅವರು ಆ ಕಡೆ ತಿರುಗಿ ಕೂತಿದ್ರು."

"ನಿನ್ನೆಯಿಂದ ಕೈ ತೊಳೆದಿಲ್ವಾ?"

"ನೀರಲ್ಲಿ ಅದ್ದಿದೆ, ಹೋಗ್ಲಿಲ್ಲ. ಸೋಪು ಹಾಕಿದ್ರೆ ಹೋಗ್ತಿತ್ತು." ಪಂಕಜಾ ಕೈಯನ್ನು ಹಿಂದಕ್ಕೆಳೆದುಕೊಂಡರು. "ಹಾಕೋಕೆ ಮನಸ್ಸಾಗ್ಲಿಲ್ಲ ಮೇಡಂ. ಡಿಸೆಂಬರಿಂದ ಯಾರೂ ಕೊಟ್ಟಿರ್ಲಿಲ್ಲ."

ತೊಟ್ಟಿಯ ಗಾಜಿನ ಮೇಲಿನ ನಾಲ್ಕು ಗೀರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ. ವಿಜಯಶ್ರೀ ಬರೆದಳು: ಬಲಗೈ ಬೆರಳುಗಳಲ್ಲಿ ಅರಿಶಿನದ ಕಲೆ. ಬರೆಯುವಾಗ ಅವಳಿಗೆ ಹಿಂದಿನ ಕೋಣೆಯ ಅಗುಳಿ ಕಣ್ಣ ಮುಂದೆ ಬಂತು.

ಮಾಲನ್ನು ಠಾಣೆಗೆ ತರುವುದೇ ಒಂದು ಪಾಡಾಯಿತು. "ಸ್ಟೇಷನ್ನಾಗ ನಮಗ ಕುಡಿಯಾಕ ನೀರು ಸಾಲಂಗಿಲ್ಲ, ಇದಕ್ಕ ಸಮುದ್ರ ಎಲ್ಲಿಂದ ತರೂಣ್ರೀ?" ಎಂದ ಬಾಳೇಶ, ಆದರೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರು ರಸ್ತೆಯ ಉದ್ದಕ್ಕೂ ಚಾಲಕನಿಗೆ ಹಗೂರ, ಹಗೂರ ಎಂದು ಗದರುತ್ತಲೇ ಬಂದ. ಕೆಡುವ ಮಾಲು ಎಂದು ಕಾರಣ ಬರೆದು, ನ್ಯಾಯಾಲಯಕ್ಕೆ ವರದಿ ಮಾಡುವ ಷರತ್ತಿನ ಮೇಲೆ, ಮುಚ್ಚಳಿಕೆ ಪಡೆದು ಪಿರ್ಯಾದಿಗೇ ಒಪ್ಪಿಸಬೇಕೆಂದು ತೀರ್ಮಾನವಾಯಿತು.

ಯೋಗಾನಂದ ಬಂದ. ಬೆಂಚಿನ ಮೇಲೆ ಪಂಕಜಾ ಕೂತಿದ್ದನ್ನು ಕಂಡು ಅವನ ಜೋರು ಇಳಿದುಹೋಯಿತು. ಹಿಂದೆಯೇ, ಸೊಸೆಯ ಕೈ ಹಿಡಿದುಕೊಂಡು ವೆಂಕಟಲಕ್ಷ್ಮಮ್ಮ ಮೆಟ್ಟಿಲು ಹತ್ತಿದರು.

"ಅರಿಸಿನ ಕೊಟ್ಟೋಳು ನಾನು, ಬರ್ಕೊ," ಎಂದರು ವಿಜಯಶ್ರೀಗೆ. "ಹುಟ್ಟಿದ್ ಹನ್ನೊಂದನೇ ದಿನಕ್ಕೇ ನನ್ನವ್ವ ಹಚ್ಚಿದ್ಲು. ಗಂಡ ತಂದಿದ್ದಾ ಅದು, ಅವನ ಜೊತೆ ಹೋಗಾಕೆ? ಕದ್ದಿದ್ದು ನಾ ಕಾಣೆ. ಕಣ್ಣಿಗೆ ಪೊರೆ." ಬಿಂದುಶ್ರೀ ತಲೆ ತಗ್ಗಿಸಿದಳು.

"ನೀವು ಹೇಳಿದ್ರೆ ನಾನು..." ಎಂದು ಯೋಗಾನಂದ ಪಂಕಜಾಗೆ ಹೇಳಲು ಶುರು ಮಾಡಿದ. ಮೂರು ಫೋನುಗಳು ಅವನಿಗೂ ನೆನಪಾಗಿರಬೇಕು, ಮಾತು ಅಲ್ಲಿಗೇ ನಿಂತಿತು. ಕೇಸು ವಾಪಸ್ ತಗೊಳ್ಳಬಹುದಾ ಮೇಡಂ ಎಂದು ಮೆಲ್ಲಗೆ ಕೇಳಿದ. ಅದು ಈಗ ನ್ಯಾಯಾಲಯದಲ್ಲಿ ಕೇಳಬೇಕಾದ ಮಾತು ಎಂದು ವಿಜಯಶ್ರೀ ಹೇಳಿದಳು.

"ಬಿಳಿ ದೀಪ ಹಾಕ್ಬೇಡಿ," ಎಂದರು ಪಂಕಜಾ ಅವನಿಗೆ. "ಹೆಚ್ಚು ತೊಳೀಬೇಡಿ. ಮೀನಿಗೆ ಒಂದು ಚೂರು ಜಾಸ್ತಿ ಹಾಕಿ, ಉದುರ್ಲಿ. ಆಮೇಲೆ ಸುಮ್ನೆ ಕಾಯ್ಬೇಕು, ಅಷ್ಟೇ." ಕೇಳುತ್ತ ಯೋಗಾನಂದ ಶಾಲಾ ಹುಡುಗನ ಹಾಗೆ ತಲೆಯಾಡಿಸಿದ.

ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಷರತ್ತು ಮೂರು: ಪಿರ್ಯಾದಿಯ ಮನೆಯ ಕಡೆ ಹೋಗಕೂಡದು, ಸಾಕ್ಷಿಗಳೊಂದಿಗೆ ಮಾತಾಡಕೂಡದು, ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕು. ಹೀಗೆ, ಯಾವ ಬಣ್ಣಕ್ಕಾಗಿ ಅವರು ಕಳ್ಳಿಯೆನಿಸಿಕೊಂಡರೋ ಅದನ್ನು ನೋಡುವ ಬಾಗಿಲನ್ನು ಕಾನೂನೇ ಮುಚ್ಚಿತು.

ಮೊದಲ ಭಾನುವಾರ ಪಂಕಜಾ ಬಂದು, ಸಹಿ ಹಾಕಿ, ಏನೂ ಕೇಳದೆ ಹೋದರು. ಎರಡನೆಯ ಭಾನುವಾರ ಸಹಿ ಹಾಕಿ ಸ್ವಲ್ಪ ಹೊತ್ತು ಪೆನ್ನು ಹಿಡಿದೇ ನಿಂತರು. ವಿಜಯಶ್ರೀ ತಾನಾಗಿ, "ಬದುಕಿದೆ. ಅರಳ್ತಾ ಇದೆ. ಬಣ್ಣ ಇಲ್ಲ," ಎಂದಳು. ಹೇಳಿಕೆ ಪಡೆಯುವ ನೆಪದಲ್ಲಿ ಅವಳು ಚಂದ್ರಾ ಲೇಔಟಿಗೆ ಹೋಗಿ ಬಂದಿದ್ದಳು. ಆಮೇಲೆ ನೆಪ ತೀರಿತು, ಹೋಗುವುದು ತೀರಲಿಲ್ಲ. ಅಜ್ಜಿ ದಿವಾನದ ಮೇಲೆ ಜಾಗ ಮಾಡಿಕೊಟ್ಟು, "ನನಗೆ ಕಾಣಾಕಿಲ್ಲ, ನೋಡಿ ಹೇಳವ್ವ," ಎನ್ನುತ್ತಿದ್ದರು. ಇಬ್ಬರೂ ನೀಲಿ ಬೆಳಕಿನ ಮುಂದೆ ಕೂತು ಕಾಯುತ್ತಿದ್ದರು.

ದಸರೆ ಕಳೆದ ಮೇಲಿನ ಒಂದು ಭಾನುವಾರ. ದೋಷಾರೋಪಣ ಪಟ್ಟಿ ಸಿದ್ಧವಾಗಿ ಮೇಜಿನ ಮೇಲಿತ್ತು. ಅದರಲ್ಲಿ 'ಆರೆಂಜ್ ಬಣ್ಣದ ಹವಳ' ಎಂದೇ ಇತ್ತು. ಪಂಕಜಾ ಬಂದರು. ಬೆರಳುಗಳಲ್ಲಿ ಈಗ ಹಳದಿಯಿರಲಿಲ್ಲ. ಸಹಿ ಹಾಕಿದರು. ಕೇಳಲೋ ಬೇಡವೋ ಎಂಬಂತೆ ನಿಂತರು.

"ನಿನ್ನೆ ಹೋಗಿದ್ದೆ," ಎಂದಳು ವಿಜಯಶ್ರೀ. "ಅಂಚಲ್ಲಿ ಬಂದಿದೆ. ಒಂದು ಗೆರೆಯಷ್ಟು."

ಪಂಕಜಾ ಮೇಜನ್ನು ಹಿಡಿದುಕೊಂಡರು. "ಯಾವ ಬಣ್ಣ?"

ಬರಹಗಾರ ತಲೆಯೆತ್ತಿ ನೋಡಿದ. ಕಾಗದದ ಮೇಲೆ ಏನಿದೆ ಎಂಬುದು ವಿಜಯಶ್ರೀಗೆ ಗೊತ್ತಿತ್ತು.

"ಕನಕಾಂಬರ," ಎಂದಳು.

ಪಂಕಜಾ ತಲೆಯಾಡಿಸಿದರು. ಕಣ್ಣೊರೆಸಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು, ಕೆಂಗೇರಿಯ ಮೆಟ್ರೋ ಹಿಡಿಯಲು ಹೊರಟರು.